ಇಬ್ರೂ ಹಂಚ್ಕೊಳಿ

ಬಸ್ಸು ಸ್ಟ್ಯಾಂಡಿನೊಳಗೆ ತಿರುಗಿ ಇನ್ನೂ ನಿಂತಿರುವುದಿಲ್ಲ, ಆಗಲೇ ಅದರ ಕಿಟಕಿಗಳಿಗೆ ಕೈಗಳು ಮುತ್ತಿಕೊಂಡಿರುತ್ತವೆ. ಟವೆಲ್ಲು, ಕರ್ಚೀಫು, ಬಟ್ಟೆಯಂಗಡಿಯ ಕವರು, ಕಾಲೇಜು ಹುಡುಗಿಯ ನೋಟ್‌ಬುಕ್ಕು, ಅಪರೂಪಕ್ಕೆ ಯಾರದೋ ಒಂದು ಚಪ್ಪಲಿ ಕೂಡ, ಕಿಟಕಿಯಲ್ಲಿ ತೂರಿ ಒಳಗೆ ಹೋಗಿ ಸೀಟಿನ ಮೇಲೆ ಬೀಳುತ್ತವೆ. ಹೀಗೆ ಬಿದ್ದ ಟವೆಲ್ಲಿಗೆ ನಮ್ಮ ಕಡೆ ಇರುವ ಮರ್ಯಾದೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ಕ್ರಯಪತ್ರಕ್ಕೂ ಇಲ್ಲ. ಜಮೀನಿಗಾಗಿ ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ. ಬಾಗಿಲಲ್ಲಿ ನುಗ್ಗಾಡಿ, ಅಂಗಿಯ ಗುಂಡಿ ಕಿತ್ತುಕೊಂಡು ಎಲ್ಲರಿಗಿಂತ ಮೊದಲು ಮೇಲೆ ಬಂದ ಆಸಾಮಿ ಮಾತ್ರ "ಯಾರ್ದೋ ಟವೆಲ್ ಐತೆ" ಅಂತ ಗೊಣಗಿ ಹಿಂದಿನ ಸೀಟಿಗೆ ಹೋಗುತ್ತಾನೆ. ಒಂದೇ ಸೀಟಿಗೆ ಎರಡು ಕರ್ಚೀಫು ಬಿದ್ದರೆ ಅದಕ್ಕೂ ನ್ಯಾಯ ಉಂಟು. ಕೆಳಗಿರುವುದು ಮೊದಲು ಬಿದ್ದದ್ದು. ಆದ್ದರಿಂದ ಸೀಟು ಅದರದೇ.

ಇಷ್ಟೆಲ್ಲ ಹೋರಾಡಿ ಹಿಡಿದ ಸೀಟಿನಲ್ಲಿ ಪಕ್ಕ ಯಾರು ಕೂರುತ್ತಾರೆ ಎಂಬುದು ಮಾತ್ರ ಯಾರ ಕೈಯಲ್ಲೂ ಇಲ್ಲ. ನನ್ನ ಕೆಲಸ ತಿಪಟೂರಿನಲ್ಲಿ, ತವರು ತರೀಕೆರೆಯಲ್ಲಿ, ಮಗಳು ಇರುವುದು ಬೆಂಗಳೂರಿನಲ್ಲಿ. ಅಂದರೆ ಶಿವಮೊಗ್ಗದಿಂದ ಮೆಜೆಸ್ಟಿಕ್‌ವರೆಗಿನ ಆ ಒಂದೇ ರಸ್ತೆಯ ಮೇಲೆ ನನ್ನ ಅರ್ಧ ಆಯಸ್ಸು ಓಡಾಡಿದೆ. ಬೀರೂರು, ಕಡೂರು, ಬಾಣಾವರ, ಅರಸೀಕೆರೆ, ಗುಬ್ಬಿ, ತುಮಕೂರು ಎಂದು ಊರುಗಳನ್ನು ಕಣ್ಣು ಮುಚ್ಚಿಕೊಂಡೂ ಹೇಳಬಲ್ಲೆ. ನನ್ನ ಭುಜಕ್ಕೆ ಭುಜ ತಾಗಿಸಿ ಕೂತು ಹೋದವರಲ್ಲಿ ಒಬ್ಬರ ಹೆಸರೂ ನನಗೆ ಗೊತ್ತಿಲ್ಲ. ಅವರ ಸೊಸೆಯಂದಿರ ಹೆಸರು ಕೆಲವು ಗೊತ್ತು.

ಕೆಂಪು ಬಸ್ಸಿನಲ್ಲಿ ಒಂದು ಬದಿಗೆ ಇಬ್ಬರ ಸೀಟು, ಇನ್ನೊಂದು ಬದಿಗೆ ಮೂವರದು. ಈ ಮೂವರ ಸೀಟನ್ನು ಯಾರ ಅಳತೆ ಹಿಡಿದು ಮಾಡಿದರೋ, ಹೈಸ್ಕೂಲು ಮುಗಿಸಿದ ಯಾವ ಮೂವರೂ ಅದರಲ್ಲಿ ನೆಟ್ಟಗೆ ಕೂತದ್ದನ್ನು ನಾನು ಕಂಡಿಲ್ಲ. ಕಿಟಕಿಯ ಪಕ್ಕದವರಿಗೆ ಗಾಳಿ, ಬಯಲು, ತೋಟ ಎಲ್ಲ ಸಿಗುತ್ತದೆ. ಅದರ ಬದಲಿಗೆ ಅವರು ಗಾಜು ಎಳೆಯಬೇಕು, ಮಳೆ ಬಂದರೆ ಮೊದಲು ನೆನೆಯಬೇಕು, "ಯಾವೂರು ಬಂತು?" ಅಂತ ಆರು ಸೀಟು ಆಚೆಯಿಂದ ಕೇಳಿದವರಿಗೆಲ್ಲ ಉತ್ತರ ಕೊಡಬೇಕು. ತುದಿಯಲ್ಲಿ ಕೂತವರ ಅರ್ಧ ಶರೀರ ಮಾತ್ರ ಸೀಟಿನ ಮೇಲೆ, ಇನ್ನರ್ಧ ದಾರಿಯಲ್ಲಿ. ನಿಂತವರ ಚೀಲಗಳೆಲ್ಲ ಅವರ ಕಿವಿಯ ಮಟ್ಟಕ್ಕೇ ಬರುತ್ತವೆ, ಕಂಡಕ್ಟರ್ ಟಿಕೆಟ್ ಹರಿಯುವಾಗ ಒರಗಿಕೊಳ್ಳುವುದೂ ಅವರನ್ನೇ. ನಡುವಿನವರಿಗೆ ನೋಡಲು ಏನೂ ಇಲ್ಲ, ಹಿಡಿದುಕೊಳ್ಳಲು ಸರಳೂ ಸಿಗುವುದಿಲ್ಲ. ಆದರೆ ತಿರುವಿನಲ್ಲಿ ಬೀಳುವ ಭಯವೂ ಇಲ್ಲ. ನಿದ್ದೆಗೆ ಅದರಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ ಎಂಬುದು ನನ್ನ ಅನುಭವ. ಈ ಕಡೆ ವಾಲಿದರೂ ಯಾರೋ ಇದ್ದಾರೆ, ಆ ಕಡೆ ವಾಲಿದರೂ ಯಾರೋ ಇದ್ದಾರೆ.

ಕಿಟಕಿಯ ಹಕ್ಕಿಗೆ ಒಂದೇ ಒಂದು ವಿನಾಯಿತಿ. "ನನಗೆ ವಾಂತಿ ಬರುತ್ತೆ" ಎಂದವರಿಗೆ ತಕರಾರಿಲ್ಲದೆ ಜಾಗ ಬಿಡಬೇಕು. ಹಾಗಂದವರೆಲ್ಲರೂ ವಾಂತಿ ಮಾಡುತ್ತಾರೆಂದೇನಿಲ್ಲ. ಕೈಯಲ್ಲೊಂದು ನಿಂಬೆಹಣ್ಣು ಹಿಡಿದು ಅದನ್ನು ಮೂಸುತ್ತ, ಗುಬ್ಬಿಯಿಂದ ಕಡೂರಿನವರೆಗೆ ತಣ್ಣಗೆ ಗಾಳಿ ಕುಡಿದು ಇಳಿದು ಹೋದ ಒಬ್ಬ ಹೆಂಗಸಿನ ನಗೆಯನ್ನು ನೆನೆದರೆ ನನಗೆ ಈಗಲೂ ಗುಮಾನಿ.

ಇನ್ನು ಸೀಟಿಗೆ ಬರುವ ನಾಲ್ಕನೆಯವರು. ಮಗು ಎತ್ತಿಕೊಂಡ ತಾಯಿಯೊಬ್ಬಳು ಸರಳು ಹಿಡಿದು ನಿಂತಿದ್ದಾಳೆ ಎಂದುಕೊಳ್ಳಿ. ಆಕೆ ಸೀಟು ಕೇಳುವುದಿಲ್ಲ. "ಅಕ್ಕ, ಒಂಚೂರು ಹಿಡ್ಕಳಿ" ಎಂದು ಮಗುವನ್ನು ನಿಮ್ಮ ತೊಡೆಯ ಮೇಲೆ ಇಡುತ್ತಾಳೆ. ನಿಮ್ಮ ಕುಲಗೋತ್ರ ಕೇಳದೆ, ಆಧಾರ್ ಕಾರ್ಡು ನೋಡದೆ, ಹೆತ್ತ ಕೂಸನ್ನು ಕೊಟ್ಟುಬಿಡುತ್ತಾಳೆ. ಬ್ಯಾಗನ್ನು ಮಾತ್ರ ತನ್ನ ಹೆಗಲಲ್ಲೇ ಇಟ್ಟುಕೊಂಡಿರುತ್ತಾಳೆ! ಮಗು ನಿಮ್ಮ ಮುಖವನ್ನು ಒಮ್ಮೆ ನೋಡಿ, ಅಳಲೋ ಬೇಡವೋ ಎಂದು ಯೋಚಿಸಿ, ನಿಮ್ಮ ಕರಿಮಣಿ ಸರ ಹಿಡಿದೆಳೆದು, ಸ್ವಲ್ಪ ಹೊತ್ತಿಗೆ ಸೆರಗಿನ ಮೇಲೆ ಜೊಲ್ಲು ಸುರಿಸಿಕೊಂಡು ಮಲಗುತ್ತದೆ. ಕೈ ಜೋಮು ಹಿಡಿದರೂ ಅಲುಗಾಡುವ ಹಾಗಿಲ್ಲ. ಇಳಿಯುವಾಗ ತಾಯಿ "ಬರ್ತೀನಕ್ಕ" ಎಂದು ಎತ್ತಿಕೊಂಡು ಹೋಗುತ್ತಾಳೆ. ಮಗು ಕಣ್ಣೂ ಬಿಡುವುದಿಲ್ಲ.

ಎಲ್ಲ ಹೀಗೇ ಅಂತ ಬರೆದುಬಿಟ್ಟರೆ ನನ್ನ ವಯಸ್ಸಿನ ಹೆಂಗಸರು ನಗುತ್ತಾರೆ. ನಾನು ಕಾಲೇಜಿಗೆ ಓಡಾಡುತ್ತಿದ್ದ ಕಾಲದಲ್ಲಿ ಅಮ್ಮ ಊಟದ ಡಬ್ಬಿಯ ಜೊತೆಗೆ ತಪ್ಪದೆ ನೋಡುತ್ತಿದ್ದದ್ದು ನನ್ನ ಸೆರಗಿನಲ್ಲಿ ಒಂದು ಸೇಫ್ಟಿ ಪಿನ್ನು ಹೆಚ್ಚಿಗೆ ಇದೆಯೋ ಇಲ್ಲವೋ ಎಂದು. ಅದು ಸೀರೆಗಲ್ಲ ಎಂಬುದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಪಕ್ಕದ ಸೀಟು ಖಾಲಿ ಇರುವಾಗ ಬಸ್ಸು ಹತ್ತುವ ಪ್ರತಿ ಗಂಡಸನ್ನೂ ನೋಡಿ ಲೆಕ್ಕ ಹಾಕುವುದು ಹೆಣ್ಣುಮಕ್ಕಳಿಗೆ ಯಾರೂ ಕಲಿಸದ ಗಣಿತ. ಆ ಲೆಕ್ಕ ನಮಗಿಂತ ಚೆನ್ನಾಗಿ ಬರುತ್ತಿದ್ದದ್ದು ಹಳೆಯ ಕಂಡಕ್ಟರುಗಳಿಗೆ. "ಅಕ್ಕ ನೀವು ಈ ಕಡೆ ಬನ್ನಿ, ಅಣ್ಣ ನೀವು ಅಲ್ಲಿ ಅಜ್ಜನ ಪಕ್ಕ ಹೋಗಿ, ಏ ತಮ್ಮ, ನೀನು ನಿಂತ್ಕೋ, ವಯಸ್ಸಿದೆ" ಎಂದು ನಾಲ್ಕು ಮಾತಲ್ಲಿ ಇಡೀ ಬಸ್ಸನ್ನು ಜೋಡಿಸಿಬಿಡುತ್ತಿದ್ದರು. ಈಗ ಅದೇ ಕೆಲಸವನ್ನು ಫೋನು ಮಾಡುತ್ತದೆ. ರಾತ್ರಿ ಬಸ್ಸಿನ ಸೀಟು ಬುಕ್ ಮಾಡಲು ಹೋದರೆ ಹೆಣ್ಣುಮಗಳೊಬ್ಬಳು ತೆಗೆದುಕೊಂಡ ಸೀಟಿನ ಪಕ್ಕದ್ದು ಗುಲಾಬಿ ಬಣ್ಣದಲ್ಲಿ ಕಾಣುತ್ತದೆ, ಗಂಡಸರಿಗೆ ಅದು ಸಿಗುವುದಿಲ್ಲ. ನನ್ನ ಮಗಳು ಆ ಗುಲಾಬಿ ಚೌಕ ಕಂಡರೆ ಬೇರೇನೂ ನೋಡದೆ ಒತ್ತುತ್ತಾಳೆ. ಅವಳ ಸೆರಗಿನಲ್ಲಿ ಪಿನ್ನಿಲ್ಲ, ಸೆರಗೇ ಇಲ್ಲ. ಅಷ್ಟರ ಮಟ್ಟಿಗೆ ಫೋನಿಗೆ ನಾನು ಋಣಿ.

ಪಕ್ಕದಲ್ಲಿ ಹೆಂಗಸು ಕೂತಳು, ನೆಮ್ಮದಿಯಾಯಿತು ಎನ್ನುವಷ್ಟರಲ್ಲಿ ವಿಚಾರಣೆ ಶುರುವಾಗುತ್ತದೆ. ಎಲ್ಲಿಗೆ, ಯಾವೂರು, ಏನು ಕೆಲಸ, ಮಕ್ಕಳೆಷ್ಟು, ಮನೆಯವರು ಏನು ಮಾಡುತ್ತಾರೆ, ಸ್ವಂತ ಮನೆಯಾ, ಬಾಡಿಗೆಯಾ? ನೀವು ಹೇಳಿದ ಊರಿನಲ್ಲಿ ಅವರಿಗೆ ಗೊತ್ತಿರುವ ಒಬ್ಬರಾದರೂ ಇದ್ದೇ ಇರುತ್ತಾರೆ. "ತರೀಕೆರೆಯಲ್ಲಿ ಬಟ್ಟೆ ಅಂಗಡಿ ಮಡಗಿದ್ರಲ್ಲ, ಅವರು ನಮ್ ಚಿಕ್ಕಮ್ಮನ ಬೀಗರು." ಇದರಲ್ಲಿ ನನಗೆ ಬೇಸರವಿಲ್ಲ, ನಾನೂ ಕೇಳುವವಳೇ. ಆದರೆ ಈ ಪ್ರಶ್ನೆಗಳ ಸಾಲಿನಲ್ಲಿ ಎಲ್ಲೋ ಒಂದು ಕಡೆ, ಕಡಲೆಕಾಯಿ ಸಿಪ್ಪೆ ಬಿಡಿಸುತ್ತ, ತೀರ ಮೆತ್ತಗೆ, "ನೀವು ನಮ್ಮೋರೇನಾ?" ಅನ್ನುವುದು ಬರುತ್ತದೆ. "ಯಾವ ಪೈಕಿ?" ಅಂತಲೂ ಕೇಳುವುದುಂಟು. ನಾನು "ಮೇಷ್ಟ್ರ ಪೈಕಿ" ಎಂದು ತೇಲಿಸುತ್ತೇನೆ. ಕೆಲವರು ನಗುತ್ತಾರೆ. ಕೆಲವರು ಕಡಲೆಕಾಯಿಯ ಪೊಟ್ಟಣ ಮಡಿಚಿ ಒಳಗಿಟ್ಟುಕೊಳ್ಳುತ್ತಾರೆ.

ಪೈಕಿ ಕೇಳುವ ಈ ಚಾಳಿ ಹಳೆಯದು. ಬಾಲಕ ಅಂಬೇಡ್ಕರ್ ಅಪ್ಪನನ್ನು ನೋಡಲು ಅಣ್ಣನ ಜೊತೆ ಹೊರಟು ಮಸೂರು ಸ್ಟೇಷನ್ನಿನಲ್ಲಿ ಇಳಿದಾಗ, ಅವರ ಜಾತಿ ತಿಳಿದ ಮೇಲೆ ಯಾವ ಗಾಡಿಯವನೂ ಕೂರಿಸಿಕೊಳ್ಳಲು ಒಪ್ಪಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆಗೆ ಒಬ್ಬ ಒಪ್ಪಿದ. ಗಾಡಿಯನ್ನು ಹುಡುಗರೇ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ ಎಂಬ ಕರಾರಿನ ಮೇಲೆ. ತನ್ನ ಗಾಡಿಯಲ್ಲಿ ತಾನೇ ಕೂರದೆ ಮೈಲುಗಟ್ಟಲೆ ನಡೆಯಲು ತಯಾರಾದ ಆ ಮನುಷ್ಯನ ಬಗ್ಗೆ ನಾನು ತರಗತಿಯಲ್ಲಿ ಮಕ್ಕಳಿಗೆ ಹೇಳಿದಾಗ ಅವರು ನಂಬುವುದಿಲ್ಲ. ಒಂದೇ ಗಾಡಿಯ ಮೇಲೆ ಜೊತೆಗೆ ಕೂರುವುದು ಎಷ್ಟು ದೊಡ್ಡ ಸಂಗತಿಯಾಗಿತ್ತು ಎಂಬುದು ಮೂವರ ಸೀಟಿನಲ್ಲಿ ಒತ್ತಿ ಕೂತು ಶಾಲೆಗೆ ಬರುವ ಮಕ್ಕಳಿಗೆ ತಿಳಿಯುವುದು ಕಷ್ಟ. ಕಂಡಕ್ಟರ್ ಟಿಕೆಟ್ ಕೊಡುವಾಗ ಊರು ಕೇಳುತ್ತಾನೆ, ಪೈಕಿ ಕೇಳುವುದಿಲ್ಲ. ಕೇಳುವವರು ಈಗಲೂ ಪಕ್ಕದ ಸೀಟಿನವರೇ.

ಕಂಡಕ್ಟರ್ ಅಂದ ಮೇಲೆ ಚಿಲ್ಲರೆಯ ಮಾತು ಬರಲೇಬೇಕು. ನಿಮ್ಮಿಂದ ದೊಡ್ಡ ನೋಟು ಇಸಿದುಕೊಂಡು, ಟಿಕೆಟ್ಟಿನ ಬೆನ್ನಿಗೆ ಬಾಕಿ ಬರೆದು, ಕೊಡುವ ಹೊತ್ತಿಗೆ ಸರಿಯಾಗಿ ಹಿಂದಿನ ಬಾಗಿಲ ಬಳಿ ಮಾಯವಾಗುವುದು ಒಂದು ಪದ್ಧತಿ. ಇನ್ನೊಂದು ಪದ್ಧತಿ ಇದಕ್ಕಿಂತ ಸೊಗಸಾದದ್ದು. ಅರಸೀಕೆರೆಗೆ ಹೊರಟಿದ್ದೆ, ಪಕ್ಕದಲ್ಲಿ ಹೂವಿನ ಮಂಕರಿ ತೊಡೆಯ ಮೇಲಿಟ್ಟುಕೊಂಡ ಹೆಂಗಸು. ನನಗೆ 60 ರೂಪಾಯಿ ವಾಪಸ್ಸು ಬರಬೇಕು, ಆಕೆಗೆ 40. ಕಂಡಕ್ಟರ್ 100ರ ನೋಟು ಒಂದನ್ನು ನಮ್ಮಿಬ್ಬರ ಮೂಗಿನ ನಡುವೆ ಹಿಡಿದು "ಇಬ್ರೂ ಹಂಚ್ಕೊಳಿ" ಎಂದು ಹೇಳಿ ಮುಂದಕ್ಕೆ ಹೋಗಿಯೇಬಿಟ್ಟ. ಅಲ್ಲಿಯವರೆಗೆ ನಾವು ಮಾತೂ ಆಡಿರಲಿಲ್ಲ. ಈಗ ಇದ್ದಕ್ಕಿದ್ದಂತೆ ಪಾಲುದಾರರು.

ನೋಟು ಯಾರ ಕೈಯಲ್ಲಿರಬೇಕು ಎಂಬುದಕ್ಕೂ ಒಂದು ರಿವಾಜಿದೆ. ಕಿಟಕಿಯ ಪಕ್ಕದವರ ಕೈಯಲ್ಲಿ. ಯಾಕೆಂದರೆ ಅವರು ಇನ್ನೊಬ್ಬರನ್ನು ದಾಟದೆ ಇಳಿದು ಓಡುವಂತಿಲ್ಲ. ಕಿಟಕಿಯಲ್ಲಿ ನಾನಿದ್ದೆ, ಹಾಗಾಗಿ ನೋಟು ನನ್ನಲ್ಲಿತ್ತು. ಆಕೆ ಮಂಕರಿಯನ್ನು ಸ್ವಲ್ಪ ನನ್ನ ಮೊಣಕಾಲ ಕಡೆಗೆ ಸರಿಸಿ ಕೂತಳು. ಅಪನಂಬಿಕೆ ಅಂತಲ್ಲ, ಆದರೂ. ಅರಸೀಕೆರೆಯಲ್ಲಿ ಇಳಿದು ಟೀ ಅಂಗಡಿಯಲ್ಲಿ ಕೇಳಿದೆವು, ಇಲ್ಲ. ಬಾಳೆಹಣ್ಣಿನ ಗಾಡಿಯವನು "ಬೋಣಿಗೇ ಆಗಿಲ್ಲ" ಎಂದ. ಆಕೆ ಕೊನೆಗೆ ಸೊಂಟದಿಂದ ಎಲೆಅಡಿಕೆಯ ಸಂಚಿ ತೆಗೆದು, ಸುಣ್ಣದ ಡಬ್ಬಿ ಪಕ್ಕಕ್ಕಿಟ್ಟು, ಹತ್ತರ ಮಾಸಿದ ನೋಟು, ಐದರ ನಾಣ್ಯ, ಎರಡರ ನಾಣ್ಯ ಎಲ್ಲ ನನ್ನ ಅಂಗೈಗೆ ಎಣಿಸಿದಳು. 50ಕ್ಕೆ ನಿಂತಿತು. 100ರ ನೋಟು ಅವಳಿಗೆ ಹೋಯಿತು. ನನಗೆ ಇನ್ನೂ 10 ಬರಬೇಕು. "ಹೂವ ತಗಳಿ" ಎಂದು ಮಂಕರಿಯ ಮೇಲಿನ ಒದ್ದೆ ಬಟ್ಟೆ ಸರಿಸಿದಳು. ಕಾಕಡದ ಉಂಡೆ. "ಮೊಳ 10ಕ್ಕೆ ಕೊಡಲ್ಲ ನಾನು, ನಿಮಗಂತ." ತನ್ನ ಮೊಣಕೈಗೆ ಹಿಡಿದು ಅಳೆಯಲು ಹೋದವಳು ನಿಲ್ಲಿಸಿ, ನನ್ನ ಕೈ ನೋಡಿ, "ನಿಮ್ ಕೈನಾಗೇ ಅಳ್ಕಳಿ ಮೇಡಂ, ನಿಮ್ದು ಉದ್ದ" ಎಂದಳು. ಹೂವಾಡಗಿತ್ತಿಯೊಬ್ಬಳು ಗಿರಾಕಿಯ ಕೈಯಲ್ಲಿ ಮೊಳ ಅಳೆಸಿದ್ದನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ.

ಒಳ್ಳೆಯತನದಿಂದ ಪಕ್ಕದವರು ಹತ್ತಿರವಾಗುತ್ತಾರೆ ಎಂಬ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ನಾನೂ ಆ ಹೂವಿನಾಕೆಯೂ ಒಳ್ಳೆಯವರೇ ಇರಬಹುದು. ತಿಪಟೂರು ಬಿಟ್ಟಾಗಿನಿಂದ ಒಳ್ಳೆಯವರಾಗಿಯೇ ಬೇರೆ ಬೇರೆ ಕಡೆ ನೋಡಿಕೊಂಡು ಕೂತಿದ್ದೆವು. ಮುರಿಯಲಾಗದ ಒಂದು ನೋಟನ್ನು ಇಬ್ಬರ ಮಧ್ಯೆ ತಂದಿಟ್ಟ ಮೇಲೆಯೇ ಅವಳಿಗೆ ನನ್ನ ಕೈ ಉದ್ದ ಎಂಬುದು ಕಂಡದ್ದು. ಇಬ್ಬರಿಗೂ ಸಾಲದ ಏನಾದರೂ ನಡುವೆ ಇರಬೇಕು. ಸೀಟೋ, ದುಡ್ಡೋ, ಕಿಟಕಿಯೋ, ಓದಲಿಕ್ಕೆ ಒಂದೇ ಪೇಪರ್ರೋ. ಪೇಪರಿನ ಕಥೆಯೂ ಹೀಗೇ ಇತ್ತು. ನೀವು ಬಿಚ್ಚಿದ ತಕ್ಷಣ ಪಕ್ಕದವರು "ನಡುವಿನ ಹಾಳೆ ಕೊಡ್ತೀರಾ?" ಎನ್ನುತ್ತಿದ್ದರು. ಅದು ಅವರಿಂದ ಹಿಂದಿನ ಸೀಟಿಗೆ, ಅಲ್ಲಿಂದ ಡ್ರೈವರ್ ಪಕ್ಕದ ಬಾನೆಟ್ಟಿನ ಮೇಲೆ ಕೂತವರಿಗೆ ಹೋಗಿ, ನೀವು ಇಳಿಯುವ ಹೊತ್ತಿಗೆ ಪುರವಣಿ ಒಂದು ಬಿಟ್ಟು ಉಳಿದದ್ದೆಲ್ಲ ವಾಪಸ್ಸು ಬರುತ್ತಿತ್ತು.

ಈ ಚಿಲ್ಲರೆಯ ಸಂಬಂಧ ನಮ್ಮ ಹೆಂಗಸರ ಮಟ್ಟಿಗೆ 2023ರ ಜೂನ್ 11ಕ್ಕೆ ಮುಗಿಯಿತು. ಅಂದಿನಿಂದ ಶಕ್ತಿ ಯೋಜನೆ. ಗುರುತಿನ ಚೀಟಿ ತೋರಿಸಿದರೆ ಶೂನ್ಯ ಟಿಕೆಟ್ಟು. ಕೊಡುವುದೇ ಇಲ್ಲದ ಮೇಲೆ ವಾಪಸ್ಸು ಬರುವುದೆಲ್ಲಿಂದ? ನನ್ನ ಪಕ್ಕದಲ್ಲಿ ಈಗ ಧರ್ಮಸ್ಥಳಕ್ಕೆ ಹೊರಟ ಅತ್ತೆ, ಆಸ್ಪತ್ರೆಗೆ ತಾನೊಬ್ಬಳೇ ಹೊರಟ ಸೊಸೆ, ಹೊಲಿಗೆ ಕ್ಲಾಸಿಗೆ ದಿನಾ ಹೋಗಿ ಬರುವ ಹುಡುಗಿ ಹೀಗೆ ಮೊದಲು ಕಾಣದಿದ್ದ ಮುಖಗಳು ಕೂರುತ್ತವೆ. ಇವರೆಲ್ಲ ಮೊದಲು ಮನೆಯಲ್ಲೇ ಇದ್ದರೋ ಎಂದು ಆಶ್ಚರ್ಯವಾಗುತ್ತದೆ. ಬಸ್ಸಿನ ಅರ್ಧ ಸೀಟು ಗಂಡಸರಿಗೆ ಎಂದು ಆಗಲೇ ಆದೇಶವಾಯಿತು. "ಗಂಡಸರಿಗೆ" ಅಂತ ಮೀಸಲಾತಿ ಬರೆಸಿಕೊಳ್ಳುವ ಕಾಲ ಬರುತ್ತದೆಂದು ನಮ್ಮ ಮಾವ ಕನಸಿನಲ್ಲೂ ಎಣಿಸಿರಲಿಲ್ಲ. ಅವರು ಮುಂದಿನ ಬಾಗಿಲಲ್ಲಿ ಹತ್ತಿ ಹೆಂಗಸರ ಸೀಟಿನಲ್ಲಿ ರಾಜಾರೋಷವಾಗಿ ಕೂರುತ್ತಿದ್ದವರು. ಟಿಕೆಟ್ಟಿಗೆ ದುಡ್ಡು ಕೊಟ್ಟು ನಿಂತ ಗಂಡಸರು ಗೊಣಗುವುದು ಕಿವಿಗೆ ಬೀಳುತ್ತದೆ. ನನ್ನ ಪಕ್ಕದ ಅಜ್ಜಿಯೊಬ್ಬರು ಅದಕ್ಕೆ ತಿರುಗಿ, "ನೀನ್ ಕೂತಾಗ ನಾನ್ ನಿಂತಿದ್ದೆ ಕಣಪ್ಪ" ಎಂದರು. ಅಷ್ಟೇ ಅಂದದ್ದು.

ಎರಡು ಮತ್ತು ಎರಡರ ಸೀಟಿನ, ಹಿಂದಕ್ಕೆ ಒರಗುವ, ತಣ್ಣನೆಯ ಗಾಳಿಯ ಬಸ್ಸಿನಲ್ಲಿ ಇದ್ಯಾವುದೂ ನಡೆಯುವುದಿಲ್ಲ. ಅಲ್ಲಿ ಸೀಟಿಗೆ ನಂಬರಿದೆ, ಟವೆಲ್ ಹಾಕುವ ಹಾಗಿಲ್ಲ. ಇಬ್ಬರ ನಡುವೆ ಕೈಯಿಡಲು ಒಂದು ಹಿಡಿ ಇದೆ. ಜಗಳ ಆಗಬಾರದೆಂದು ಇಟ್ಟ ಆ ಹಿಡಿಯೇ ಜಗಳದ ಮೂಲ. ಅದು ಒಂದೇ ಇದೆ, ಮೊಣಕೈ ಎರಡು. ಮೂವರ ಸೀಟಿನಲ್ಲಿ ಗಡಿ ಎಂಬುದೇ ಇಲ್ಲದ್ದರಿಂದ ಯಾರೂ ಗಡಿ ದಾಟುವುದಿಲ್ಲ. ಇಲ್ಲಿ ಮಾತಿಲ್ಲದೆ, ಮುಖ ನೋಡದೆ, ಕಣ್ಣು ಮುಚ್ಚಿಕೊಂಡು ನಿದ್ದೆಯ ನಾಟಕವಾಡುತ್ತ ಇಬ್ಬರು ವಿದ್ಯಾವಂತರು ತುಮಕೂರಿನವರೆಗೂ ಮೊಣಕೈಯಲ್ಲಿ ತಳ್ಳಾಡುವುದನ್ನು ನೋಡಬೇಕು.

ಹಾಗಾದರೆ ಹಿಡಿ ಕಿತ್ತುಹಾಕಿದರೆ ಸರಿಯಾಗುತ್ತದೆಯೆ? ಬೆಂಗಳೂರಿನ ಮೆಟ್ರೊದಲ್ಲಿ ಹಿಡಿಯೂ ಇಲ್ಲ, ನಂಬರೂ ಇಲ್ಲ. ಗೋಡೆಗೆ ಒರಗಿಸಿದ ಉದ್ದ ಬೆಂಚು, ಎದುರುಬದುರು ಕೂರಬೇಕು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ರೈಲು ಓಡಿದ ಹೊಸತರಲ್ಲಿ ಜನ ಜಾತ್ರೆಗೆ ಬಂದವರಂತೆ ಮಾತಾಡುತ್ತಿದ್ದರು, ಫೋಟೊ ತೆಗೆದುಕೊಳ್ಳುತ್ತಿದ್ದರು. ಈಗ ಹೋಗಿ ನೋಡಿ. ಇಷ್ಟು ಮಂದಿ ಒಂದೇ ಕಡೆ ಇದ್ದೂ ಕೇಳುವುದು ಮುಂದಿನ ನಿಲ್ದಾಣದ ಹೆಸರೊಂದೇ. ಜರ್ಮನಿಯ ಸಮಾಜಶಾಸ್ತ್ರಜ್ಞ ಗೇಯೋರ್ಗ್ ಸಿಮ್ಮೆಲ್ 1908ರ ತನ್ನ ಪುಸ್ತಕದಲ್ಲಿ ಇದನ್ನೇ ಗಮನಿಸಿದ್ದ. ಹತ್ತೊಂಬತ್ತನೇ ಶತಮಾನದಲ್ಲಿ ಬಸ್ಸು, ರೈಲು, ಟ್ರಾಮು ಬರುವುದಕ್ಕೆ ಮೊದಲು, ಒಂದು ಮಾತೂ ಆಡದೆ ಗಂಟೆಗಟ್ಟಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂರುವ ಸಂದರ್ಭವೇ ಮನುಷ್ಯರಿಗೆ ಬಂದಿರಲಿಲ್ಲ ಎಂದು. ಬರ್ಲಿನ್ನಿನಲ್ಲಿ ಬಾಳಿದ ಆತನಿಗೆ ಹಾಗೆ ತೋರಿದ್ದು ಸಹಜ. ಅರಸೀಕೆರೆ ಪ್ಯಾಸೆಂಜರ್ ಹತ್ತಿದ್ದರೆ ಆ ವಾಕ್ಯವನ್ನು ಹೊಡೆದುಹಾಕುತ್ತಿದ್ದ. ಮೆಟ್ರೊ ಹತ್ತಿದ್ದರೆ ಮತ್ತೆ ಬರೆಯುತ್ತಿದ್ದ, ಒಂದು ತಿದ್ದುಪಡಿಯೊಂದಿಗೆ: ಈಗ ಮುಖವನ್ನೂ ಯಾರೂ ನೋಡುವುದಿಲ್ಲ, ಎಲ್ಲರ ಕೈಯಲ್ಲೂ ಅವರವರ ಫೋನಿದೆ. ಹಂಚಿಕೊಳ್ಳುವುದಕ್ಕೆ ಪೇಪರೂ ಇಲ್ಲ, ಚಿಲ್ಲರೆಯೂ ಇಲ್ಲ. ಇಡೀ ಪ್ರಯಾಣವೇ ಅರ್ಧ ಗಂಟೆಯದು, ಯಾರಿಗೆ ಬೇಕು ಸೊಸೆಯ ಹೆಸರು?

ಹಂಚಿಕೆಯ ನಿಜವಾದ ಪರೀಕ್ಷೆ ರೈಲಿನ ಆರ್‌ಎಸಿ ಟಿಕೆಟ್ಟಿನಲ್ಲಿದೆ. ಗೊತ್ತಿಲ್ಲದ ಪುಣ್ಯವಂತರಿಗಾಗಿ ಹೇಳುತ್ತೇನೆ. ಟಿಕೆಟ್ಟು ಪೂರ್ತಿ ಖಾತ್ರಿಯೂ ಅಲ್ಲ, ವೇಟಿಂಗ್ ಲಿಸ್ಟೂ ಅಲ್ಲ. ಹತ್ತಲು ಹಕ್ಕುಂಟು, ಮಲಗಲು ಇಲ್ಲ. ದುಡ್ಡು ಮಾತ್ರ ಪೂರ್ತಿ. ದಾರಿಯ ಪಕ್ಕದ ಕೆಳಗಿನ ಬರ್ತು, 7, 15, 23 ಹೀಗೆ ಬರುವ ನಂಬರು, ಇಬ್ಬರಿಗೆ ಒಂದು. ಅದರ ಒರಗುವ ಭಾಗ ಎರಡನ್ನೂ ಮಡಚಿದರೆ ಮಲಗುವ ಹಾಸಿಗೆ, ಎತ್ತಿದರೆ ಎದುರುಬದುರು ಎರಡು ಕುರ್ಚಿ. ಇಬ್ಬರು ಅಪರಿಚಿತರು ರಾತ್ರಿಯಿಡೀ ಅದರ ಮೇಲೆ ಕಾಲು ಎಲ್ಲಿಡಬೇಕೆಂದು ತೀರ್ಮಾನಿಸಬೇಕು. ಈ ಬರ್ತು ಒಂದು ಕಾಲದಲ್ಲಿ ಬರೀ ಮರದ ಹಲಗೆಯಾಗಿತ್ತಂತೆ. 1977ರ ಜನತಾ ಸರ್ಕಾರದಲ್ಲಿ ರೈಲ್ವೆ ಮಂತ್ರಿಯಾಗಿದ್ದ ಮಧು ದಂಡವತೆ ಎರಡನೇ ದರ್ಜೆಯ ಹಲಗೆಗಳಿಗೆ ಮೆತ್ತೆ ಹಾಕಿಸಿದರು. ಆ ಮನುಷ್ಯ ತಣ್ಣಗಿರಲಿ. ಆದರೆ ಎರಡು ಮಡಿಕೆ ಕೂಡುವ ಕಡೆ ಇರುವ ಸಂದಿ ಆ ಮೆತ್ತೆಯಿಂದ ಹೋಗಲಿಲ್ಲ. ಅದು ಸರಿಯಾಗಿ ಸೊಂಟಕ್ಕೇ ಬರುತ್ತದೆ.

ಬೆಂಗಳೂರಿನಿಂದ ಬೆಳಗಾವಿ ಕಡೆಗೆ ಹೋಗುವ ರಾತ್ರಿ ರೈಲು. ಧಾರವಾಡದಲ್ಲಿ ಮೌಲ್ಯಮಾಪನದ ಕೆಲಸವಿತ್ತು. ನನ್ನ ಬರ್ತಿನ ಇನ್ನರ್ಧಕ್ಕೆ ಒಡತಿಯಾಗಿ ಆಗಲೇ ಒಬ್ಬ ಅಮ್ಮ ಕೂತಿದ್ದರು. ಇಳಕಲ್ ಸೀರೆ, ಹಣೆಯಲ್ಲಿ ರೂಪಾಯಿಯಗಲದ ಕುಂಕುಮ, ಕಾಲಡಿಯಲ್ಲಿ ಮೂರು ಚೀಲ. ನಾನು ಇನ್ನೂ ಚೀಲ ಇಟ್ಟಿಲ್ಲ, "ಎಲ್ಲಿಗವ್ವಾ?" ಎಂದರು. ಧಾರವಾಡ ಎಂದೆ. "ಹಂಗಾರ ಬೆಳತನಕಾ ಜೋಡಿ ಆತು" ಎಂದು ಕಾಲು ಮಡಚಿಕೊಂಡು ಜಾಗ ಬಿಟ್ಟರು. ರೈಲು ಯಶವಂತಪುರ ದಾಟುವುದರೊಳಗೆ ಅವರಿಗೆ ನನ್ನ ಮಗಳ ಕಂಪನಿ, ನನ್ನ ಯಜಮಾನರ ಸಕ್ಕರೆ ಕಾಯಿಲೆ, ನನ್ನ ರಜೆಯ ಲೆಕ್ಕ ಗೊತ್ತಾಗಿತ್ತು. "ಪಗಾರ ಎಷ್ಟ ಬರ್ತದ?" ಎಂಬುದಕ್ಕೆ ನಾನು ಸ್ವಲ್ಪ ಕಡಿಮೆ ಹೇಳಿದೆ. "ಅಷ್ಟರಾಗ ಹೆಂಗ ನೀಗತೀರಿ?" ಎಂದು ಮರುಗಿದರು. ಆಮೇಲೆ ಬಿಳಿಯ ಬಟ್ಟೆಯ ಗಂಟು ಬಿಚ್ಚಿದರು. ಕಟಿರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿಪುಡಿ. ನನ್ನ ಡಬ್ಬಿಯ ಚಿತ್ರಾನ್ನ ಅದರ ಮುಂದೆ ಪೆಚ್ಚಾಗಿ ಕಾಣುತ್ತಿತ್ತು. ಅವರು ಒಂದು ಚಮಚ ತೆಗೆದುಕೊಂಡು, "ಚೊಲೊ ಆಗೇತಿ, ಖಾರ ಇಲ್ಲಷ್ಟ" ಎಂದರು. ಪಗಾರ ಕಡಿಮೆ ಇರುವವಳಿಗೆ ಅನುಕಂಪದಿಂದ ಇನ್ನೊಂದು ರೊಟ್ಟಿ ಬಂತು.

ಚಳಿಗಾಲ. ಆ ಬದಿಯ ಕಿಟಕಿಯ ಶಟರ್ ಎಷ್ಟು ಒತ್ತಿದರೂ ಎರಡು ಬೆರಳು ಸಂದಿ ಬಿಡುತ್ತಿತ್ತು. ಅಮ್ಮ ಎರಡನೇ ಚೀಲದಿಂದ ಕೌದಿ ತೆಗೆದರು. ಹಳೆ ಸೀರೆಯ, ಕುಪ್ಪಸದ, ಯಾವುದೋ ಮಗುವಿನ ಅಂಗಿಯ ತುಂಡುಗಳನ್ನು ಕೂಡಿಸಿ, ಅಕ್ಕಿಕಾಳಿನಷ್ಟು ಸಣ್ಣ ಹೊಲಿಗೆಯಲ್ಲಿ ಒಂದು ಬೆರಳಿಗೆ ಒಂದು ಸಾಲಿನಂತೆ ತುಂಬಿದ ಕೌದಿ. ಅದನ್ನು ಇಬ್ಬರ ಕಾಲ ಮೇಲೂ ಹರಡಿ ತುದಿಯನ್ನು ನನ್ನ ಕಡೆ ಎಸೆದರು. ನನ್ನ ಕಾಲು ಅವರ ಸೊಂಟದ ಹತ್ತಿರ, ಅವರ ಕಾಲು ನನ್ನ ಸೊಂಟದ ಹತ್ತಿರ. ಹಿರಿಯರಿಗೆ ಕಾಲು ತಾಗುತ್ತದಲ್ಲ ಎಂದು ನಾನು ಮುದುಡಿದರೆ, "ಚಾಚವ್ವಾ, ನಿನ್ನ ಕಾಲ ಭಾರ ಅದಾವೇನು?" ಎಂದರು.

ಇಬ್ಬರ ಮನಸ್ಸಿನಲ್ಲೂ ಇದ್ದದ್ದು ಟಿಸಿ. ಆರ್‌ಎಸಿಯ ವಿಶೇಷ ಇರುವುದೇ ಇಲ್ಲಿ. ಬರಬೇಕಾದವರು ಯಾರಾದರೂ ಬಾರದೆ ಬರ್ತೊಂದು ಖಾಲಿಯಾದರೆ, ಅದನ್ನು ಸರದಿಯ ಪ್ರಕಾರ ಆರ್‌ಎಸಿಯವರಿಗೆ ಕೊಡುತ್ತಾರೆ. ಒಬ್ಬರಿಗೆ ಅದು ಸಿಕ್ಕಿತೆಂದರೆ ಉಳಿದವರಿಗೆ ಈ ಬರ್ತು ಪೂರ್ತಿ. ಪಕ್ಕದವಳ ಅದೃಷ್ಟಕ್ಕಾಗಿ ಇಷ್ಟು ಮನಃಪೂರ್ವಕವಾಗಿ ಪ್ರಾರ್ಥಿಸುವ ಅವಕಾಶ ಭೂಮಿಯ ಮೇಲೆ ಇನ್ನೆಲ್ಲೂ ಸಿಗಲಿಕ್ಕಿಲ್ಲ. ಅಕ್ಕತಂಗಿಯರಿಗೂ ಇದು ಸಾಧ್ಯವಿಲ್ಲ.

ತುಮಕೂರು ಬಿಟ್ಟ ಮೇಲೆ ಟಿಸಿ ಬಂದರು. ಯಂತ್ರದ ಪರದೆಯ ಮೇಲೆ ಬೆರಳಾಡಿಸಿ, "ಮುಂದಿನ ಬೋಗಿಯಲ್ಲಿ ಒಂದು ಅಪ್ಪರ್ ಇದೆ, ಇಬ್ರದ್ದೂ ಸರದಿ ಹತ್ತಿರವೇ ಇದೆ, ಯಾರು ಹೋಗ್ತೀರಿ?" ಎಂದರು.

"ಆಕಿಗಿ ಕೊಡ್ರಿ ಸಾಹೇಬ್ರ, ಮುಂಜಾನೆ ಕೆಲಸಕ್ಕ ಹೋಗಾಕಿ" ಎಂದರು ಅಮ್ಮ, ತಡಮಾಡದೆ.

"ಬೇಡ ಸರ್, ಅಮ್ಮ ವಯಸ್ಸಾದವರು, ಅವರಿಗೇ ಕೊಡಿ" ಎಂದೆ ನಾನು, ಅಷ್ಟೇ ಬೇಗ.

ಯಾರ ಮಾತಿನಲ್ಲಿ ಎಷ್ಟು ಔದಾರ್ಯ, ಎಷ್ಟು ಸೊಂಟನೋವು ಎಂದು ಬೇರ್ಪಡಿಸಲು ಬಂದಿದ್ದರೆ ಆ ಟಿಸಿ ಹೈಕೋರ್ಟಿನಲ್ಲಿ ಇರಬೇಕಾಗಿತ್ತು. ಅವರು ನಕ್ಕು, "ಮೇಲೆ ಹತ್ತೋದು ಯಾರ ಕೈಲಾಗುತ್ತೆ, ಅದನ್ನ ಹೇಳಿ" ಎಂದರು. ಅಲ್ಲಿಗೆ ಇತ್ಯರ್ಥವಾಯಿತು. ನಾನು ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ಚೀಲ ಎತ್ತಿಕೊಳ್ಳುವುದರೊಳಗೆ ಅಮ್ಮ ಎರಡೂ ಮಡಿಕೆ ಬೀಳಿಸಿ, ಕೌದಿ ಎಳೆದುಕೊಂಡು, ಉದ್ದಕ್ಕೆ ಮಲಗಿಯಾಗಿತ್ತು. "ಲಗೂನ ಹೋಗವ್ವಾ, ಯಾರರ ಬಂದು ಅಡ್ಡಾದಾರು" ಎಂದರು. ನನ್ನ ಬರ್ತಿನ ಚಿಂತೆಯೋ, ತಮ್ಮ ಬರ್ತಿನ ಚಿಂತೆಯೋ.

ನಾಲ್ಕು ಹೆಜ್ಜೆ ಹಾಕಿದ್ದೆ. ಬಾಗಿಲ ಬಳಿ ಬ್ಯಾಗಿನ ಮೇಲೆ ಕುಕ್ಕುರುಗಾಲಲ್ಲಿ ಕೂತಿದ್ದ ಹುಡುಗನೊಬ್ಬ ನನ್ನನ್ನು ದಾಟಿಕೊಂಡು ಹೋಗಿ, ಅಮ್ಮನ ಕಾಲ ತುದಿಯಲ್ಲಿ ನಿಂತು ತಲೆ ಕೆರೆದುಕೊಂಡ. "ಅಮ್ಮಾರ, ಒಂಚೂರ ಕುಂದ್ರಲೇನ್ರಿ?"

ಕೌದಿಯೊಳಗಿಂದ ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಆಮೇಲೆ ಕಾಲು ಅಷ್ಟು ಮೇಲಕ್ಕೆ ಹೋಯಿತು. "ಎಲ್ಲಿಗಪಾ?"

"ಹಾವೇರಿಗ್ರಿ."

"ಹಾವೇರ್ಯಾಗ ಯಾರ ಮನಿ?"

ನಾನು ಬೋಗಿಯ ಬಾಗಿಲು ದಾಟುವಷ್ಟರಲ್ಲಿ ಅವನ ಪಗಾರದ ವಿಚಾರ ಬಂದಿತ್ತು.